ಇಬ್ಬರಿಗೊಂದು ಮದುವೆ ಬಟ್ಟೆ

ಸೆಪ್ಟೆಂಬರ್ 3

ಅಕ್ಕ,

ಕುರ್ಚಿ ಎಳೆದುಕೊಂಡು ಕೂತು ಓದು. ಕೈಯಲ್ಲಿ ಕತ್ತರಿ ಇದ್ದರೆ ಮೊದಲು ಕೆಳಗಿಡು. ನಾನು ಮದುವೆಯಾಗುತ್ತಿದ್ದೇನೆ.

ನಗಬೇಡ. ನಲವತ್ತಮೂರಕ್ಕೆ ಮದುವೆ ಯಾಕೆ ಎಂದು ಇಲ್ಲಿಯವರೆಲ್ಲ ಕೇಳಿ ಮುಗಿಸಿದ್ದಾರೆ, ನಿನಗೆ ಹೊಸದಾಗಿ ಕೇಳಲು ಏನೂ ಉಳಿದಿಲ್ಲ. ಆತ ಪುಸ್ತಕಗಳಿಗೆ ಬೈಂಡಿಂಗ್ ಹಾಕುವವನು. ನಾನು ಹಳೆಬಟ್ಟೆ ವಿಂಗಡಿಸುವ ಶೆಡ್ಡಿನ ಎದುರಿಗೇ ಅವನ ಅಂಗಡಿ. ರಾಶಿಯಲ್ಲಿ ಗಟ್ಟಿ ಕ್ಯಾನ್ವಾಸ್ ಸಿಕ್ಕರೆ ತೆಗೆದಿಡಿ ಎಂದು ಕೇಳಿಕೊಂಡು ಬರುತ್ತಿದ್ದ. ಎರಡು ವರ್ಷ ತೆಗೆದಿಟ್ಟೆ. ಆಮೇಲೆ ನೋಡಿದರೆ ಅವನ ಕಪಾಟಿನ ತುಂಬ ಕ್ಯಾನ್ವಾಸ್ ಕೊಟ್ಟ ಹಾಗೇ ಮಡಚಿಕೊಂಡು ಬಿದ್ದಿತ್ತು. ಅವನಿಗೆ ಅಷ್ಟೆಲ್ಲ ಬೇಕಾಗಿಯೇ ಇರಲಿಲ್ಲವಂತೆ. ಮಾತು ಕಡಿಮೆ, ಕೈಗೆ ಸದಾ ಅಂಟಿನ ವಾಸನೆ. ನಿನಗೆ ಇಷ್ಟವಾಗುತ್ತಾನೆ.

ಡಿಸೆಂಬರ್ ಹದಿನಾಲ್ಕಕ್ಕೆ ನೋಂದಣಿ ಕಚೇರಿಯಲ್ಲಿ ಸಹಿ. ಆಮೇಲೆ ಅವನ ಅಂಗಡಿಯ ಮೇಜುಗಳನ್ನು ಸೇರಿಸಿ ಮೂವತ್ತು ಜನಕ್ಕೆ ಊಟ.

ಹೊಸದಾಗಿ ಏನನ್ನೂ ಕೊಳ್ಳುವುದಿಲ್ಲ ಎಂದು ಇಬ್ಬರೂ ಮಾತಾಡಿಕೊಂಡಿದ್ದೇವೆ. ಜಿಪುಣತನ ಅಂದುಕೊಳ್ಳಬೇಡ. ನಮ್ಮ ಶೆಡ್ಡಿಗೆ ವಾರಕ್ಕೆ ನಾಲ್ಕೈದು ಮದುವೆ ಬಟ್ಟೆ ಬಂದು ಬೀಳುತ್ತವೆ. ಎಲ್ಲವೂ ಒಂದೇ ದಿನ ಉಟ್ಟದ್ದು. ಮೊನ್ನೆ ಬಂದ ಒಂದರ ಅಂಚಿನಲ್ಲಿ ಆ ದಿನದ ಹುಲ್ಲು ಇನ್ನೂ ಅಂಟಿಕೊಂಡಿತ್ತು. ಅವನ್ನು ಯಾರೂ ಮತ್ತೆ ಉಡುವುದಿಲ್ಲ, ಆ ಮಿರಿಮಿರಿ ಬಟ್ಟೆ ನೆಲ ಒರೆಸುವುದಕ್ಕೂ ಬರುವುದಿಲ್ಲ, ಮಣ್ಣಲ್ಲಿ ಹೂತರೂ ಕೊಳೆಯುವುದಿಲ್ಲ. ಹದಿನಾರು ವರ್ಷದಿಂದ ಅವನ್ನು ಎತ್ತಿ ಎತ್ತಿ ಹಿಂದಿನ ಗುಂಡಿಗೆ ಹಾಕಿದವಳು ನಾನೇ ಹೋಗಿ ಅಂಥದ್ದೊಂದನ್ನು ಕೊಳ್ಳಲೇ? ಉಂಗುರದ ಮಾತೂ ಅಷ್ಟೇ. ಒಂದು ಉಂಗುರದ ಚಿನ್ನಕ್ಕೆ ಎಷ್ಟು ಗುಡ್ಡ ಅಗೆಯುತ್ತಾರೆ ಎಂದು ಇವನು ಬೈಂಡ್ ಮಾಡಲು ಬಂದ ಪುಸ್ತಕವೊಂದರಲ್ಲಿ ಓದಿ ಎರಡು ದಿನ ಮಂಕಾಗಿ ಕೂತಿದ್ದ.

ಅದಕ್ಕೇ ನಿನ್ನನ್ನು ಎರಡು ವಸ್ತು ಕೇಳುತ್ತೇನೆ. ಒಂದು, ಅಪ್ಪನ ರಿಪೇರಿ ಸಾಮಾನಿನ ತಗಡಿನ ಡಬ್ಬಿಯಲ್ಲಿದ್ದ ಹಳೆ ವಾಚುಗಳ ಬೆಳ್ಳಿ ಕೇಸು. ಅದರಲ್ಲೇ ಎರಡು ಉಂಗುರ ಮಾಡಿಸು.

ಇನ್ನೊಂದು, ಅಮ್ಮನ ಮದುವೆ ಬಟ್ಟೆ. ವರ್ಷಕ್ಕೊಮ್ಮೆ ಅಮ್ಮ ಅದನ್ನು ತೆಗೆದು ಮಂಚದ ಮೇಲೆ ಹರಡುತ್ತಿದ್ದಳು. ಮುಟ್ಟಬೇಕಾದರೆ ನಾವು ಮೊಣಕೈವರೆಗೆ ತೊಳೆದುಕೊಂಡು ಬರಬೇಕಿತ್ತು. ಕೆನೆ ಬಣ್ಣದ ರೇಷ್ಮೆಯ ಉದ್ದ ನಿಲುವಂಗಿ, ಬೆನ್ನ ಮೇಲೆ ಅವಳೇ ಹಾಕಿದ ದಾರದ ಹೂವು. ನಿನ್ನ ಮದುವೆಗೆ ಅದನ್ನು ಚಿಕ್ಕದು ಮಾಡುವಾಗ ಒಂದು ಎಳೆಯನ್ನೂ ಕತ್ತರಿಸದೆ ಅಷ್ಟನ್ನೂ ಒಳಗೇ ಮಡಚಿ ಹೊಲಿದಳು. "ದೊಡ್ಡೋಳು ಗಿಡ್ಡ, ಚಿಕ್ಕೋಳು ನನ್ನ ಹಾಗೆ ಉದ್ದ. ಬಿಚ್ಚಿದ್ರೆ ಇವಳಿಗೂ ಆಗುತ್ತೆ. ಇದು ನಿಮ್ಮಿಬ್ಬರದೂ" ಎಂದಿದ್ದಳು. ಆಗ ನನಗೆ ಹದಿಮೂರು.

ಅದು ಬೇಡ ಎಂದು ಒಂದು ಸಲ ಮುಖಕ್ಕೆ ಹೊಡೆದ ಹಾಗೆ ನಿನಗೆ ಹೇಳಿದ್ದೆ. ಮರೆತಿಲ್ಲ. ಇಪ್ಪತ್ತೆರಡರ ಬಾಯಿ ಅದು, ಹೊಟ್ಟೆಗೆ ಹಾಕಿಕೋ. ಈಗ ಬೇಕು ಅಕ್ಕ. ಆ ದಿನ ಅಮ್ಮ ನನ್ನ ಮೈಮೇಲೆ ಇರಬೇಕು ಎಂದು ಆಸೆ.

ನೀನು ಬರಲೇಬೇಕು. ಇಪ್ಪತ್ತೊಂದು ವರ್ಷದಲ್ಲಿ ಒಂದು ಸಲವೂ ನನ್ನ ಮನೆ ನೋಡಿಲ್ಲ ನೀನು.

ನಿನ್ನ ಮೊಂಡಿ


ಸೆಪ್ಟೆಂಬರ್ 14

ಮೊಂಡಿ,

ನಿನ್ನ ಪತ್ರ ಬಂದಾಗ ಎದುರುಮನೆ ಮೇಷ್ಟ್ರು ಪ್ಯಾಂಟು ಗಿಡ್ಡ ಮಾಡಿಸಿಕೊಳ್ಳಲು ಸ್ಟೂಲಿನ ಮೇಲೆ ನಿಂತಿದ್ದರು. ಒಂದು ಕಾಲಿಗೆ ಪಿನ್ನು ಚುಚ್ಚಿ ಮುಗಿದಿತ್ತು. ಪತ್ರ ಓದಿದ ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಪಾಪ, ಅವರು ಇಳಿಯಲೂ ಆಗದೆ, ಯಾರಾದರೂ ಹೋದರೇ ಎಂದು ಮೂರು ಸಲ ಕೇಳಿದರಂತೆ. ಮೂವತ್ತು ವರ್ಷ ಮಿಷನ್ನಿನ ಪಕ್ಕ ಕೂತ ಕಿವಿ, ನನಗೆ ಎಲ್ಲಿ ಕೇಳಿಸಬೇಕು. ಕೊನೆಗೆ ನಿನ್ನ ಭಾವ ಒಳಗಿನಿಂದ ಬಂದು, "ಹೋದೋರು ಯಾರೂ ಇಲ್ಲ ಮೇಷ್ಟ್ರೇ, ಹೊಸದಾಗಿ ಬರೋರು ಒಬ್ರು ಇದಾರೆ" ಎಂದು ಅವರನ್ನು ಕೈಹಿಡಿದು ಇಳಿಸಿದರು.

ನಿನ್ನ ಬೈಂಡಿಂಗಿನವನು ನನಗೆ ಈಗಲೇ ಹಿಡಿಸಿದ. ಎರಡು ವರ್ಷ ಬೇಡದ ಕ್ಯಾನ್ವಾಸ್ ಹೊತ್ತವನು ನಿನ್ನನ್ನೂ ಹೊರುತ್ತಾನೆ, ಅನುಮಾನವಿಲ್ಲ.

ಆದರೆ ಹೊಸ ಬಟ್ಟೆ ಬೇಡ ಎಂದದ್ದು ನನಗೆ ಚುಚ್ಚಿತು, ಮುಚ್ಚಿಡುವುದೇಕೆ? ನೀನು ಹದಿನೈದು ವರ್ಷದವಳಿದ್ದಾಗಿನಿಂದ ನಿನ್ನ ಮದುವೆಯ ತೋಳು ಹೇಗೆ ಕತ್ತರಿಸಬೇಕು, ಕುತ್ತಿಗೆ ಎಷ್ಟು ಇಳಿಸಬೇಕು ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದವಳು ನಾನು. ಈ ಬೀದಿಯ ಅಷ್ಟೂ ಹೆಣ್ಣುಮಕ್ಕಳ ಮದುವೆಗೆ ಹೊಲಿದಿದ್ದೇನೆ. ಸ್ವಂತ ತಂಗಿಗೆ ಒಂದು ಗುಂಡಿ ಹಾಕುವ ಭಾಗ್ಯವೂ ಇಲ್ಲವೇ? ನಿನ್ನ ಶೆಡ್ಡಿನ ಹಿಂದಿನ ಗುಂಡಿಗೆ ಬಿದ್ದ ಬಟ್ಟೆಗಳನ್ನೂ ನನ್ನಂಥವಳೇ ಒಬ್ಬಳು ಕಣ್ಣು ಕಿರಿದು ಮಾಡಿಕೊಂಡು ಹೊಲಿದಿರುತ್ತಾಳೆ ಎಂದು ಒಂದು ಕ್ಷಣ ಯೋಚಿಸು. ಆಯಿತು, ಹೇಳಬೇಕಾದ್ದು ಹೇಳಿದೆ. ನಿನ್ನ ಮಾತಿನಲ್ಲಿ ತಪ್ಪಿಲ್ಲ ಎಂದೂ ಗೊತ್ತು.

ಅಪ್ಪನ ಡಬ್ಬಿ ಸಿಕ್ಕಿತು. ಮುಚ್ಚಳ ತೆಗೆದ ಕೂಡಲೇ ಆ ಎಣ್ಣೆಯ ವಾಸನೆ ಬಂತು ಕಣೇ. ಇಪ್ಪತ್ತೈದು ವರ್ಷವಾದರೂ ಹೋಗಿಲ್ಲ. ಹನ್ನೊಂದು ಕೇಸುಗಳಿವೆ. ಬೀದಿ ಕೊನೆಯ ಅಕ್ಕಸಾಲಿಗನಿಗೆ ತೋರಿಸಿದೆ, ಧಾರಾಳವಾಗಿ ಆಗುತ್ತದೆ ಎಂದ. ಇಬ್ಬರ ಬೆರಳಿಗೂ ನೂಲು ಸುತ್ತಿ, ಗಂಟು ಹಾಕಿ, ಹಾಗೇ ಜಾರಿಸಿ ಕಳಿಸು. ಬೆಳಿಗ್ಗೆ ಅಳೆಯಬೇಡ. ಕೆಲಸ ಮುಗಿದ ಮೇಲೆ ಬೆರಳು ಊದಿರುತ್ತದೆ, ಆಗ ಅಳೆ.

ಅಮ್ಮನ ಬಟ್ಟೆಯ ವಿಷಯ. ಟ್ರಂಕು ಅಟ್ಟದ ಮೇಲಿದೆ. ನಿನ್ನ ಭಾವನಿಗೆ ಸೊಂಟನೋವು, ಏಣಿ ಹತ್ತಲಾರರು. ಇಷ್ಟು ವರ್ಷದ ರೇಷ್ಮೆ, ಹುಳ ಹೊಡೆದಿದ್ದರೂ ಹೊಡೆದಿರಬಹುದು. ನೋಡೋಣ. ಅದರ ಮೇಲೇ ಎಲ್ಲ ಆಸೆ ಇಟ್ಟುಕೊಂಡು ಕೂರಬೇಡ.

ಅಂದಹಾಗೆ, ನೀನು ಇಲ್ಲಿಂದ ಹೊರಡುವಾಗ ಹೊಲಿದುಕೊಟ್ಟಿದ್ದೆನಲ್ಲ ಕಂದು ಕೋಟು, ಅದು ಇದೆಯಾ? ಅಲ್ಲಿ ಚಳಿ ಶುರುವಾಗುವ ಹೊತ್ತು, ಅದಕ್ಕೆ ಕೇಳಿದೆ.

ಅಕ್ಕ


ಸೆಪ್ಟೆಂಬರ್ 25

ಅಕ್ಕ,

ನೂಲು ಇದರ ಜೊತೆಗಿದೆ. ಕೆಂಪು ನನ್ನದು, ಬಿಳಿ ಅವನದು. ಸಂಜೆಯೇ ಅಳೆದೆ. ಅವನ ಬೆರಳಿನಿಂದ ಗಂಟು ಜಾರಿಸುವಷ್ಟರಲ್ಲಿ ನೂಲು ಅಂಟಿಗೆ ಅಂಟಿ, ಮೂರು ಸಲ ಹೊಸದಾಗಿ ಸುತ್ತಬೇಕಾಯಿತು. ಅಮ್ಮ ನಮ್ಮ ಎತ್ತರವನ್ನೂ ಹೀಗೇ ನೂಲಿನಲ್ಲಿ ಅಳೆದು, ಬಾಗಿಲ ಹಿಂದಿನ ಮೊಳೆಗೆ ನೇತುಹಾಕುತ್ತಿದ್ದುದು ನೆನಪಾಯಿತು. ನನ್ನ ನೂಲು ನಿನ್ನದಕ್ಕಿಂತ ಉದ್ದವಾದ ದಿನ ನೀನು ಊಟ ಬಿಟ್ಟಿದ್ದೆ.

ಹೊಲಿಯುವವಳ ಬಗ್ಗೆ ನೀನು ಬರೆದದ್ದು ನಿಜ. ಈಗ ಮದುವೆ ಬಟ್ಟೆ ಬಂದಾಗೆಲ್ಲ ಅದರ ಒಳಹೊಲಿಗೆ ತಿರುಗಿಸಿ ನೋಡುತ್ತೇನೆ.

ಆದರೆ ಅಮ್ಮನ ಬಟ್ಟೆಯ ಬಗ್ಗೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಬರೆದಿದ್ದೀಯ. ಅಟ್ಟ, ಏಣಿ, ಭಾವನ ಸೊಂಟ, ಹುಳ. ನೀನು ಹೀಗೆ ನಾಲ್ಕು ಕಾರಣ ಕೊಟ್ಟಾಗ ಐದನೆಯದು ಬೇರೆಯೇ ಇರುತ್ತದೆ ಎಂದು ನನಗೆ ಗೊತ್ತಿಲ್ಲವೇ? ನಿನ್ನ ಮಗಳಿಗೆಂದು ಎತ್ತಿಟ್ಟಿದ್ದರೆ ನೇರವಾಗಿ ಹೇಳು. ಅವಳಿಗೂ ಇಪ್ಪತ್ತಾಯಿತು, ಆಸೆ ಇರುತ್ತದೆ. ನಾನು ಒಂದು ದಿನ ಉಟ್ಟು, ತೊಳೆದು, ಮಡಚಿ ವಾಪಸ್ ಕೊಡುತ್ತೇನೆ. ಇಬ್ಬರದೂ ಎಂದು ಅಮ್ಮ ಹೇಳಿದ ವಸ್ತುವನ್ನು ನಾನು ಬೇಡಿ ತೆಗೆದುಕೊಳ್ಳುವ ಹಾಗಾಯಿತಲ್ಲ ಎಂದು ಬೇಸರವಾಗುತ್ತದೆ, ಅಷ್ಟೇ.

ಕೋಟು ಇದೆ. ಇರದೆ ಎಲ್ಲಿ ಹೋಗುತ್ತದೆ? ನಿನ್ನೆ ತಾನೇ ಹೊರಗೆ ತೆಗೆದು ಬಿಸಿಲಿಗೆ ಹಾಕಿದೆ. ಕಾಲರು ಸ್ವಲ್ಪ ಸವೆದಿದೆ, ಉಳಿದದ್ದೆಲ್ಲ ಗಟ್ಟಿಮುಟ್ಟಾಗಿದೆ.

ಮೊಂಡಿ


ಅಕ್ಟೋಬರ್ 8

ಮೊಂಡಿ,

ಉಂಗುರ ಎರಡೂ ತಯಾರಾದವು. ಅಕ್ಕಸಾಲಿಗ ಕರಗಿಸಲು ಹೊರಟಿದ್ದ, ನಾನೇ ತಡೆದೆ. ಕೇಸಿನ ಮುಚ್ಚಳದ ಒಳಗೆ ಅಪ್ಪ ರಿಪೇರಿ ಮಾಡಿದ ತಾರೀಖನ್ನು ಸೂಜಿಯಲ್ಲಿ ಗೀಚಿಡುತ್ತಿದ್ದರಲ್ಲ, ಬೆಂಕಿಗೆ ಹಾಕಿದರೆ ಅದು ಹೋಗಿಬಿಡುತ್ತದೆ. ಕೊನೆಗೆ ಅವನು ಗೊಣಗಿಕೊಂಡೇ ಮುಚ್ಚಳದಿಂದ ಪಟ್ಟಿ ಕತ್ತರಿಸಿ, ಬಗ್ಗಿಸಿ, ಬೆಸುಗೆ ಹಾಕಿಕೊಟ್ಟ. ಭೂತಗನ್ನಡಿ ಹಿಡಿದರೆ ನಿನ್ನ ಉಂಗುರದೊಳಗೆ ಅಪ್ಪನ ಅಕ್ಷರ ಕಾಣುತ್ತದೆ. ಯಾರದೋ ವಾಚು, ಯಾವುದೋ ಮಾರ್ಚ್ ತಿಂಗಳ ಒಂಬತ್ತು.

ಈಗ ಬಟ್ಟೆ. ಕೋಟು ಇದೆ ಎಂದು ಓದಿದ ಮೇಲೆ ನನ್ನ ಎದೆಯ ಭಾರ ಇಳಿದಿದೆ, ಆದ್ದರಿಂದ ಹೇಳಿಬಿಡುತ್ತೇನೆ. ಟ್ರಂಕಿನ ಕಥೆ ಸುಳ್ಳು. ನನ್ನ ಮಗಳಿಗೂ ಎತ್ತಿಟ್ಟಿಲ್ಲ. ಅಮ್ಮನ ಮದುವೆ ಬಟ್ಟೆ ಇಪ್ಪತ್ತೊಂದು ವರ್ಷದಿಂದ ನಿನ್ನ ಹತ್ತಿರವೇ ಇದೆ.

ನೀನು ಹೊರಡುವ ಎರಡು ವಾರ ಮುಂಚೆ ನಾನು ಆ ಔಷಧಿ ಅಂಗಡಿಯವರ ಸಂಬಂಧ ತಂದಿದ್ದೆ. ಮದುವೆಯೇ ಬೇಡ ಎಂದು ನೀನು ಕೂಗಾಡಿದೆ. ಅಮ್ಮನ ಬಟ್ಟೆಯ ಮಾತೆತ್ತಿದ್ದಕ್ಕೆ, "ಆ ಹಳೇ ಬಟ್ಟೆ ನೀನೇ ಇಟ್ಕೋ, ಬೇಕಾದ್ರೆ ನೆಲ ಒರೆಸ್ಕೋ" ಎಂದು ಬಾಗಿಲು ಬಡಿದುಕೊಂಡು ಟಿಕೆಟ್ ತರಲು ಹೋದೆ. ಅಮ್ಮ ಹೋಗಿ ಐದು ವರ್ಷವಾಗಿತ್ತು. ನಿನ್ನನ್ನು ಸಾಕಿದವಳು ನಾನು. ನನಗೆ ಮೈ ಉರಿಯಿತು. ಬಟ್ಟೆ ತೆಗೆದು ಮೇಜಿನ ಮೇಲೆ ಹಾಕಿ, ಕುತ್ತಿಗೆಯಿಂದ ಕೆಳಗಿನವರೆಗೆ ಕತ್ತರಿ ಆಡಿಸಿಬಿಟ್ಟೆ. ಕತ್ತರಿಸುವ ಮುಂಚೆ ಎರಡು ಸಲ ಅಳೆಯಿರಿ ಎಂದು ಕಲಿಯಲು ಬರುವ ಹುಡುಗಿಯರಿಗೆ ದಿನಾ ಹೇಳುವವಳು ನಾನು. ಆ ಮಧ್ಯಾಹ್ನ ಒಂದು ಸಲವೂ ಅಳೆಯಲಿಲ್ಲ.

ಕತ್ತರಿ ನಿಂತ ಮೇಲೆ ಏನು ಮಾಡಿದೆನೆಂದು ಗೊತ್ತಾಯಿತು. ಆಮೇಲಿನದನ್ನು ಬರೆಯಲು ಬರುವುದಿಲ್ಲ.

ಮಾರನೆಯ ದಿನ ನಿನ್ನ ಪೆಟ್ಟಿಗೆ ನೋಡಿದೆ. ಅಂಥ ಚಳಿಯ ಊರಿಗೆ ಹೊರಟವಳು ಒಂದು ತೆಳು ಸ್ವೆಟರ್ ಇಟ್ಟುಕೊಂಡಿದ್ದೆ. ಉಣ್ಣೆ ಬಟ್ಟೆ ತಂದೆ. ಅಮ್ಮನ ರೇಷ್ಮೆಗೆ ಕಂದು ಬಣ್ಣ ಹಾಕಿ ಕುದಿಸಿ, ಹೂವಿನ ಬದಿಯನ್ನು ಒಳಗೆ ತಿರುಗಿಸಿ, ಕೋಟಿಗೆ ಲೈನಿಂಗ್ ಕೊಟ್ಟೆ. ಮಿಷನ್ನಿನ ಸೂಜಿ ಹಳೆ ರೇಷ್ಮೆಯನ್ನು ಕಚ್ಚುತ್ತದೆ ಎಂದು ಒಂಬತ್ತು ದಿನ ಕೈಯಲ್ಲೇ ಹೊಲಿದೆ. ಹೇಳಿದರೆ ನೀನು ಕೋಟನ್ನೂ ಬೇಡ ಅನ್ನುತ್ತೀಯ ಎಂದು ಬಾಯಿ ಮುಚ್ಚಿಕೊಂಡೆ. ಮೊದಲ ವರ್ಷ, ಬೆನ್ನಿಗೆ ಏನೋ ಒತ್ತುತ್ತದೆ ಎಂದು ಬರೆದಿದ್ದೆ ನೋಡು, ಅದು ಅಮ್ಮನ ಹೂವು. ಹೊಸದರಲ್ಲಿ ಹಾಗೇ ಎಂದು ಉತ್ತರ ಬರೆದು, ಆ ದಿನವೆಲ್ಲ ನಗುತ್ತಿದ್ದೆ.

ಪ್ರತಿ ಚಳಿಗಾಲದಲ್ಲೂ ಇವತ್ತು ಅಮ್ಮ ಅವಳನ್ನು ಸುತ್ತಿಕೊಂಡಿರುತ್ತಾಳೆ ಎಂದುಕೊಳ್ಳುತ್ತೇನೆ. ನಾನು ಮಾಡಿದ ಪಾಪಕ್ಕೆ ಅಷ್ಟೇ ನನಗಿದ್ದ ಸಮಾಧಾನ.

ಈಗ ನೀನು ಮಾಡಬೇಕಾದ್ದು ಇಷ್ಟು. ಕೋಟಿನ ಕೆಳಗಿನ ಅಂಚಿನಿಂದ ಶುರು ಮಾಡಿ ಲೈನಿಂಗ್ ಬಿಚ್ಚು. ಅವಸರ ಮಾಡಬೇಡ, ಬ್ಲೇಡನ್ನು ದಾರದ ಕೆಳಗೆ ಮಲಗಿಸಿ ಹಿಡಿ. ಬೆನ್ನಿನದು ಒಂದು, ಎದೆಯದು ಎರಡು, ಮೂರು ದೊಡ್ಡ ತುಂಡು ಸಿಗುತ್ತವೆ. ಹಾಗೇ ಕಳಿಸು. ಪೂರ್ತಿ ಉಡುಪಾಗುವುದಿಲ್ಲ, ಆದರೆ ನಿನ್ನ ಎತ್ತರಕ್ಕೆ ಒಂದು ಒಳ್ಳೆಯ ಮೇಲಂಗಿ ಆಗುತ್ತದೆ. ಹೂವು ಈ ಸಲ ಹೊರಗಿರುತ್ತದೆ. ಹೊಲಿದುಕೊಂಡು, ಉಂಗುರದ ಜೊತೆ ನಾನೇ ತರುತ್ತೇನೆ. ಹೊಸದು ಏನೂ ಕೊಂಡ ಹಾಗಾಗಲಿಲ್ಲ, ನಾನೂ ನಿನಗೆ ಹೊಲಿದ ಹಾಗಾಯಿತು.

ಬೈಯಬೇಕೆನಿಸಿದರೆ ಬೈ. ಆದರೆ ಬೇಗ ಬರಿ.

ಅಕ್ಕ


ಅಕ್ಟೋಬರ್ 29

ಮೊಂಡಿ,

ಮೂರು ವಾರವಾಯಿತು, ಪತ್ರವೂ ಇಲ್ಲ, ಪಾರ್ಸೆಲ್ಲೂ ಇಲ್ಲ. ಅಂಚೆಯವನ ಸೈಕಲ್ಲು ಬೀದಿಗೆ ತಿರುಗಿದರೆ ಮಿಷನ್ ನಿಲ್ಲಿಸಿ ಕೂರುತ್ತೇನೆ. ನಿನ್ನ ಭಾವ, ಅವಳಿಗೆ ಸಿಟ್ಟು ಬಂದಿರುತ್ತದೆ, ಇಳಿಯಲಿ ಬಿಡು ಎನ್ನುತ್ತಾರೆ. ಸಿಟ್ಟು ಬರಲಿ. ಅಮ್ಮನ ಬಟ್ಟೆಗೆ ಕತ್ತರಿ ಹಾಕಿದವಳ ಮೇಲೆ ಬಾರದೆ ಇನ್ನಾರ ಮೇಲೆ ಬರಬೇಕು? ಆದರೆ ಹೊಲಿಯಲು ನನಗೆ ಹದಿನೈದು ದಿನವಾದರೂ ಬೇಕು. ಮೊದಲು ಬಟ್ಟೆ ಕಳಿಸು, ಜಗಳ ಆಮೇಲೆ ಆಡೋಣ.

ಅಕ್ಕ


ನವೆಂಬರ್ 8

ಅಕ್ಕ,

ನಿನ್ನ ಮೇಲೆ ಸಿಟ್ಟಿಲ್ಲ. ಇದ್ದಿದ್ದರೆ ಎಷ್ಟು ಸುಲಭವಾಗುತ್ತಿತ್ತು.

ಕೋಟು ನನ್ನ ಹತ್ತಿರ ಇಲ್ಲ. ಬಿಸಿಲಿಗೆ ಹಾಕಿದ್ದು, ಕಾಲರು ಸವೆದದ್ದು, ಎಲ್ಲ ಸುಳ್ಳು. ಕೊಟ್ಟುಬಿಟ್ಟೆ ಎಂದರೆ ನೀನು ನೊಂದುಕೊಳ್ಳುತ್ತೀಯ ಎಂದು ಹಾಗೆ ಬರೆದೆ. ಒಂದು ಕೋಟಿನ ಬಗ್ಗೆ ಸಣ್ಣ ಸುಳ್ಳು, ಅದರಿಂದ ಏನಾದೀತು ಎಂದುಕೊಂಡಿದ್ದೆ.

ಎಂಟು ವರ್ಷದ ಹಿಂದೆ ಶೆಡ್ಡಿನವರು ನಮಗೆಲ್ಲ ಒಂದೊಂದು ದಪ್ಪ ಜಾಕೆಟ್ ಕೊಟ್ಟರು. ಒಬ್ಬರಿಗೆ ಒಂದೇ ಕೋಟು ಸಾಕು, ಎರಡನೆಯದು ಇನ್ನೊಬ್ಬರದು ಎಂಬುದು ನನ್ನದೇ ನಿಯಮ, ಹೊಸದಾಗಿ ಕೆಲಸಕ್ಕೆ ಸೇರುವವರಿಗೆಲ್ಲ ಹೇಳಿಕೊಡುತ್ತೇನೆ. ಬೆಳಿಗ್ಗೆ ನಾನು ಬಸ್ಸು ಹತ್ತುವ ಡಿಪೊದಲ್ಲಿ ಒಬ್ಬ ಹೆಂಗಸು ಬಸ್ಸು ತೊಳೆಯುತ್ತಿದ್ದಳು. ಮೈಮೇಲೆ ಒಂದು ಸ್ವೆಟರು, ಅದೂ ತೋಳಿನವರೆಗೆ ಒದ್ದೆ. ಒಂದು ದಿನ ನಿನ್ನ ಕೋಟನ್ನು ಮಡಚಿ ತಂದು ಅವಳ ಕೈಗೆ ಕೊಟ್ಟೆ. ಅವಳು ಅಲ್ಲೇ ಹಾಕಿಕೊಂಡು ಗುಂಡಿ ಹಾಕಿದಳು. ಬಸ್ಸಿನಲ್ಲಿ ಕೂತು ನನಗೆ ನನ್ನ ಮೇಲೇ ಹೆಮ್ಮೆ ಅನಿಸಿತ್ತು.

ಲೈನಿಂಗಿನ ವಿಷಯ ಬರೆದ ನಿನ್ನ ಪತ್ರವನ್ನು ಎರಡು ಸಲ ಓದಿದೆ. ಬಂದ ದಿನವೇ ಡಿಪೊಗೆ ಓಡಿದೆ. ಅವಳು ಅಲ್ಲಿ ಕೆಲಸ ಬಿಟ್ಟು ನಾಲ್ಕು ವರ್ಷವಾಯಿತಂತೆ. ಅಲ್ಲಿಂದ ಈವರೆಗೆ ದಿನಾ ಒಬ್ಬರನ್ನು ಕೇಳುತ್ತಿದ್ದೇನೆ. ಸಿಕ್ಕಿದ ಮೇಲೆ ಬರೆಯೋಣ ಎಂದು ಕಾದೆ. ಸಿಕ್ಕಿಲ್ಲ.

ನೀನು ಇಪ್ಪತ್ತೊಂದು ಚಳಿಗಾಲ ಅಮ್ಮ ನನ್ನನ್ನು ಸುತ್ತಿಕೊಂಡಿದ್ದಾಳೆ ಎಂದುಕೊಂಡಿದ್ದೆಯಲ್ಲ, ಅದರಲ್ಲಿ ಎಂಟು ಸುಳ್ಳಾದವು. ಅದನ್ನು ನೆನೆದರೆ ನನಗೆ ನಿದ್ದೆ ಹತ್ತುವುದಿಲ್ಲ.

ಮೊಂಡಿ


ನವೆಂಬರ್ 16

ತಂಗಿಗೆ,

ಪತ್ರ ತಲುಪಿತು. ಉಂಗುರಗಳನ್ನು ಇವತ್ತು ಪಾರ್ಸೆಲ್ ಮಾಡಿದ್ದೇನೆ. ಹತ್ತಿಯಲ್ಲಿ ಸುತ್ತಿದೆ, ತೆಗೆಯುವಾಗ ಜೋಪಾನ.

ಇಷ್ಟು ದೂರ ಪ್ರಯಾಣ ನನ್ನಿಂದ ಆಗಲಾರದು. ನಿನ್ನ ಭಾವನಿಗೂ ಸೊಂಟನೋವು. ನಿಮ್ಮಿಬ್ಬರಿಗೂ ಒಳ್ಳೆಯದಾಗಲಿ.

ಅಕ್ಕ


ನವೆಂಬರ್ 30

ಅಕ್ಕ,

ಉಂಗುರ ಬಂದವು, ಬೆರಳಿಗೆ ಸರಿಯಾಗಿವೆ. ನಿನ್ನ ಪತ್ರವೂ ಬಂತು. ಐದಾರು ಸಾಲಿನ ಪತ್ರ ನಿನ್ನಿಂದ ನನಗೆ ಇದೇ ಮೊದಲು. ನನ್ನನ್ನು ತಂಗಿಗೆ ಎಂದು ಕರೆದದ್ದೂ ಇದೇ ಮೊದಲು. ಇದನ್ನಾದರೂ ಪೂರ್ತಿ ಓದು.

ಆ ಹೆಂಗಸು ಸಿಕ್ಕಳು. ಊರಿನ ಆಚೆ ತುದಿಯಲ್ಲಿ ಒಂದು ಶಾಲೆಯ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾಳೆ. ಡಿಪೊದ ಟೈಮ್‌ಕೀಪರ್ ನೆನಪಿಟ್ಟುಕೊಂಡು ಹುಡುಕಿಸಿಕೊಟ್ಟರು. ಶಾಲೆಯ ಹಿಂಬಾಗಿಲಲ್ಲಿ ಕಾಯುತ್ತಿದ್ದೆ, ಅವಳು ಕೋಟು ಹಾಕಿಕೊಂಡೇ ಹೊರಗೆ ಬಂದಳು. ಒಂದು ಗೇಣು ಗಿಡ್ಡ ಮಾಡಿಸಿದ್ದಾಳೆ, ಮೊಣಕೈಗೆ ತೇಪೆ ಇದೆ. ಅವಳಿಗೆ ನನ್ನ ಗುರುತು ಸಿಕ್ಕಿತು. ಇಬ್ಬರೂ ಅಲ್ಲೇ ಕಟ್ಟೆಯ ಮೇಲೆ ಕೂತೆವು. ಎಲ್ಲ ಹೇಳಿದೆ, ನೀನು ಕತ್ತರಿಸಿದ್ದನ್ನೂ ಬಿಡಲಿಲ್ಲ.

ಅವಳು ಕೈ ಹಿಂದೆ ಮಾಡಿ ಬೆನ್ನು ಮುಟ್ಟಿಕೊಂಡು ಹೇಳಿದಳು: "ಇಲ್ಲಿ ಏನೋ ಇದೆ ಅಂತ ನಂಗೆ ಗೊತ್ತಿತ್ತು. ಅಂಗಡಿ ಕೋಟಲ್ಲಿ ಇಷ್ಟು ಜತನವಾಗಿ ಯಾರೂ ಹೊಲಿಯಲ್ಲ. ಯಾರಿಗೋ ಯಾರೋ ಮಾಡಿದ್ದು ಅಂದ್ಕೊಂಡೇ ಹಾಕ್ಕೋತಿದ್ದೆ." ಹಾಗೆ ಹೇಳಿ ಕೋಟು ಬಿಚ್ಚಿ ನನ್ನ ತೊಡೆಯ ಮೇಲಿಟ್ಟಳು. ಬದಲಿಗೆ ಕೊಡಲು ನಾನು ಶೆಡ್ಡಿನಿಂದ ಒಳ್ಳೆಯ ಜಾಕೆಟ್ ಒಯ್ದಿದ್ದೆ. ಅದನ್ನು ಹಾಕಿಕೊಂಡು ಹೋದಳು.

ಎರಡು ದಿನ ಕೋಟು ನನ್ನ ಮೇಜಿನ ಮೇಲಿತ್ತು. ಭಾನುವಾರ ಬೆಳಿಗ್ಗೆ ಕಿಟಕಿ ಹತ್ತಿರ ಕೂತು, ನೀನು ಹೇಳಿದ ಹಾಗೇ ಬ್ಲೇಡು ಮಲಗಿಸಿ ಹಿಡಿದು ಶುರು ಮಾಡಿದೆ. ಅವಳು ಗಿಡ್ಡ ಮಾಡಿಸಿದ ಅಂಚಿನ ಹೊಲಿಗೆ ಸಲೀಸಾಗಿ ಬಂತು. ಅದರಾಚೆ ನಿನ್ನ ಹೊಲಿಗೆ. ನಾಲ್ಕು ಬೆರಳಗಲ ಬಿಚ್ಚಲು ಒಂದು ಗಂಟೆ ಹಿಡಿಯಿತು. ಪ್ರತಿ ಹೊಲಿಗೆಯೂ ಸಾಸಿವೆಯಷ್ಟು, ಪ್ರತಿ ಹತ್ತಕ್ಕೊಂದು ಗಂಟು. ಆ ಸಂದಿಯಿಂದ ಒಳಗೆ ನೋಡಿದೆ. ಹೂವುಗಳಿವೆ ಅಕ್ಕ. ರೇಷ್ಮೆ ಹಿಡಿದ ಕಂದು ಬಣ್ಣವನ್ನು ಅಮ್ಮನ ಹತ್ತಿ ದಾರ ಹಿಡಿದಿಲ್ಲ, ಅವು ಇನ್ನೂ ಬೆಳ್ಳಗಿವೆ. ಬೆರಳು ಹಾಕಿ ಮುಟ್ಟಿದೆ. ಮುಟ್ಟುವ ಮುಂಚೆ ಮೊಣಕೈವರೆಗೆ ಕೈ ತೊಳೆದುಕೊಂಡು ಬಂದಿದ್ದೆ.

ಅಲ್ಲಿಂದ ಮುಂದೆ ಬಿಚ್ಚಲಾಗಲಿಲ್ಲ. ಅಮ್ಮನ ಬಟ್ಟೆ ಹೊರಗೆ ತೆಗೆಯಬೇಕಾದರೆ ನಿನ್ನ ಒಂಬತ್ತು ದಿನವನ್ನು ಬ್ಲೇಡಿನಲ್ಲಿ ಕತ್ತರಿಸಬೇಕಿತ್ತು. ನಾನು ಕಿರುಚಾಡಿ ಬಾಗಿಲು ಬಡಿದು ಹೋದ ಮೇಲೂ ನೀನು ಕೂತು ಹಾಕಿದ ಹೊಲಿಗೆ ಅವು. ಇಷ್ಟು ವರ್ಷ ಅಮ್ಮ ಇಲ್ಲ, ಅಮ್ಮ ಇಲ್ಲ ಎಂದು ಕೊರಗಿದೆ. ನನಗೆ ಹದಿನೇಳು ತುಂಬಿದಾಗಿನಿಂದ ನನ್ನನ್ನು ಸಾಕಿದವಳು ನೀನು ಎಂದು ಒಂದು ಸಲವೂ ನಿನಗೆ ಹೇಳಲಿಲ್ಲ. ಈಗ ಹೇಳುತ್ತಿದ್ದೇನೆ. ಮದುವೆಯ ದಿನ ನನಗೆ ಬೇಕಾದವಳು ನೀನು.

ಬಿಚ್ಚಿದ ನಾಲ್ಕು ಬೆರಳಗಲವನ್ನು ನಾನೇ ಮತ್ತೆ ಹೊಲಿದೆ. ಕೋಟನ್ನು ಒಯ್ದು ಅವಳಿಗೇ ಕೊಟ್ಟೆ. ಬೇಡ ಎಂದಳು, ಒತ್ತಾಯ ಮಾಡಿದೆ. ಅವಳನ್ನೂ ಮದುವೆಗೆ ಕರೆದಿದ್ದೇನೆ, ಆ ಕೋಟು ಹಾಕಿಕೊಂಡೇ ಬರಬೇಕು ಎಂದು ಹೇಳಿದ್ದೇನೆ. ಬರುತ್ತಾಳೆ. ನಾನು ನನ್ನ ನೀಲಿ ಬಟ್ಟೆ ಉಡುತ್ತೇನೆ, ಕೆಲಸಕ್ಕೆ ಉಡುವುದೇ.

ನೀನು ಬರದಿದ್ದರೆ ಅದೂ ನನ್ನ ತಪ್ಪೇ. ಆದರೆ ಬಾ ಅಕ್ಕ.

ಮೊಂಡಿ


ಡಿಸೆಂಬರ್ 6

ಮೊಂಡಿ,

ನಿನ್ನ ಹಿಂದಿನ ಪತ್ರ ಬಂದ ಮೇಲೆ ಒಂದು ವಾರ ನಾನು ಮಿಷನ್ ಮುಟ್ಟಲಿಲ್ಲ. ಕೋಟು ಹೋಯಿತು ಎಂದಲ್ಲ. ನಾನು ಅಷ್ಟು ವರ್ಷ ಒಬ್ಬಳೇ ಕೂತು ಸುಖಪಟ್ಟಿದ್ದೆಲ್ಲ ಬರೀ ನನ್ನ ತಲೆಯೊಳಗೇ ಇತ್ತಲ್ಲ ಎಂದು ಅವಮಾನವಾಯಿತು. ನಿನಗೆ ಹೇಳಿದ್ದಿದ್ದರೆ ನೀನು ಅದನ್ನು ಕೊಡುತ್ತಿರಲಿಲ್ಲ. ಹೇಳದೆ ಇಟ್ಟುಕೊಂಡವಳು ನಾನು, ಮುಖ ಊದಿಸಿಕೊಂಡು ನಿನಗೆ ಐದು ಸಾಲು ಬರೆದೆ. ಮನ್ನಿಸು.

ಈಗ ಬಂದ ಪತ್ರವನ್ನು ನಿನ್ನ ಭಾವನಿಗೆ ಓದಿ ಹೇಳುತ್ತಿದ್ದೆ. ಸಾಕಿದವಳು ನೀನು ಎಂಬ ಸಾಲಿಗೆ ಬಂದಾಗ ಕಾಗದವನ್ನು ಅವರ ಕೈಗೆ ಕೊಟ್ಟೆ, ಉಳಿದದ್ದನ್ನು ಅವರೇ ಓದಿಕೊಂಡರು. ಓದಿ ಮುಗಿಸಿ, ಚೀಲ ಎಲ್ಲಿಟ್ಟಿದ್ದೀಯ ಎಂದು ಕೇಳಿದರು. ಅವರ ಸೊಂಟಕ್ಕೆ ಏನೂ ಆಗಿಲ್ಲ, ಟ್ರಾಮ್ ಓಡಿಸಿದ ಸೊಂಟ ಅದು. ಅದೂ ನನ್ನದೇ ಸುಳ್ಳು. ಹನ್ನೊಂದನೇ ತಾರೀಖು ಬೆಳಗಿನ ರೈಲಿಗೆ ಇಬ್ಬರೂ ಬರುತ್ತೇವೆ. ಮಗಳಿಗೆ ಪರೀಕ್ಷೆ, ಅವಳು ಹದಿಮೂರಕ್ಕೆ ಬರುತ್ತಾಳೆ. ನಿಲ್ದಾಣಕ್ಕೆ ಬಾ. ನನಗೆ ಕೂಗಿದರೆ ಕೇಳಿಸುವುದಿಲ್ಲ, ಎದುರಿಗೇ ಬಂದು ನಿಲ್ಲು.

ನೀಲಿ ಬಟ್ಟೆಯಾದರೆ ನೀಲಿ ಬಟ್ಟೆ. ಅದರ ಬಗ್ಗೆ ನಾನು ಒಂದು ಮಾತೂ ಆಡುವುದಿಲ್ಲ.

ಆದರೆ ಆ ನಾಲ್ಕು ಬೆರಳಗಲವನ್ನು ನೀನು ಹೊಲಿದೆ ಎಂದು ಬರೆದಿದ್ದೀಯಲ್ಲ, ಅದರಿಂದ ನನಗೆ ಸಮಾಧಾನವಿಲ್ಲ. ನಿನ್ನ ಹೊಲಿಗೆ ನನಗೆ ಗೊತ್ತಿಲ್ಲವೇ? ಒಂದು ಚಳಿಗಾಲಕ್ಕೆ ಬಿಟ್ಟುಕೊಳ್ಳುತ್ತದೆ. ಹನ್ನೆರಡನೇ ತಾರೀಖು ಕೋಟು ಹಾಕುವ ಆಕೆಯನ್ನು ನಿನ್ನ ಮನೆಗೆ ಊಟಕ್ಕೆ ಕರೆ. ಅವರು ಕೋಟು ಬಿಚ್ಚಬೇಕಾಗಿಲ್ಲ, ಹಾಕಿಕೊಂಡೇ ಕೂರಲಿ. ನಾನು ಪಕ್ಕದಲ್ಲಿ ನೆಲದ ಮೇಲೆ ಕೂತು ಸರಿಯಾಗಿ ಹೊಲಿದುಕೊಡುತ್ತೇನೆ. ಅಮ್ಮ ಇನ್ನೂ ಬಹಳ ವರ್ಷ ಅವರನ್ನು ಬೆಚ್ಚಗಿಡಬೇಕು.

ಅಕ್ಕ